‘ಟ್ವೆಲ್ಫ್ತ್ ನೈಟ್’ ಓದುವುದು ಹೇಗೆ

ಬಳ್ಳಾರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ನಾನು, ಶೇಕ್ಸ್‌ಪಿಯರ್‌ನ ಹಾಸ್ಯನಾಟಕ ‘ಟ್ವೆಲ್ಫ್ತ್ ನೈಟ್’ ಕೈಗೆತ್ತಿಕೊಂಡ ದಿನ ಎಲ್ಲರ ಗೈಡ್‌ಗಳನ್ನೂ ಚೀಲದೊಳಗೆ ಇಡಿಸುತ್ತೇನೆ. ಸಾರಾಂಶವನ್ನೇ ಮೊದಲು ಓದಿದವರಿಗೆ ಪಾತ್ರಗಳ ದನಿ ಕೇಳಿಸುವುದಿಲ್ಲ.

ಮೊದಲು ಪುಟವನ್ನು ಸುಮ್ಮನೆ ನೋಡಿ. ಸಾಲುಗಳು ಅಂಚಿನವರೆಗೆ ಹರಿದಿದ್ದರೆ ಗದ್ಯ. ನಡುವೆಯೇ ಮುರಿದು, ಪ್ರತಿ ಸಾಲೂ ದೊಡ್ಡ ಅಕ್ಷರದಿಂದ ಶುರುವಾದರೆ ಪದ್ಯ. ನಮ್ಮ ಬಯಲಾಟದಲ್ಲಿ ಪಾತ್ರ ಮಾತು ಬಿಟ್ಟು ಪದಕ್ಕೆ ಹೊರಳಿದಾಗ ಪ್ರೇಕ್ಷಕ ನೆಟ್ಟಗೆ ಕೂರುತ್ತಾನಲ್ಲ, ಇಲ್ಲಿಯೂ ಹಾಗೆಯೇ ಕೂರಬೇಕು.

ಒಂದನೆಯ ಅಂಕದ ಐದನೆಯ ದೃಶ್ಯ ತೆಗೆಯಿರಿ. ಗಂಡುವೇಷದ ವಯೋಲಾ ತನ್ನ ಒಡೆಯ ಆರ್ಸಿನೋನ ಪ್ರೇಮಸಂದೇಶವನ್ನು ಸಿರಿವಂತೆ ಒಲಿವಿಯಾಳಿಗೆ ತಂದಿದ್ದಾಳೆ. ಒಲಿವಿಯಾ ಗದ್ಯದಲ್ಲೇ ಬಿಗುವಾಗಿದ್ದಾಳೆ. ತನ್ನ ತುಟಿ, ಕಣ್ಣುಗಳನ್ನು ಪಟ್ಟಿ ಮಾಡಿ ಒಪ್ಪಿಸುತ್ತಾಳೆ. ವಯೋಲಾ ಪದ್ಯಕ್ಕೆ ಏರಿದ ಸ್ವಲ್ಪ ಹೊತ್ತಿಗೆ ಅವಳೂ ಏರುತ್ತಾಳೆ. ಗಂಡೆಂದೇ ನಂಬಿದ ವಯೋಲಾಳ ಮೇಲೆ ಪ್ರೀತಿ ಹುಟ್ಟಿದ್ದನ್ನು ಒಲಿವಿಯಾ ಬಾಯಿಬಿಟ್ಟು ಹೇಳುವ ಮೊದಲೇ ಲಯ ಹೇಳಿಬಿಡುತ್ತದೆ. ಈ ಭಾಗವನ್ನು ಇಬ್ಬರು ಎದುರುಬದುರು ನಿಂತು ಗಟ್ಟಿಯಾಗಿ ಓದಲೇಬೇಕು.

ಪಾತ್ರಗಳನ್ನು ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಬೇಡಿ. ಯಾರಿಗೆ ಏನು ಬೇಕು, ಯಾರಿಗೆ ಯಾವ ಸಂಗತಿ ಗೊತ್ತಿಲ್ಲ ಎಂಬುದಷ್ಟನ್ನೇ ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ. ಒಲಿವಿಯಾ ಬರೆದಂತೆ ಕಾಣುವ ಖೋಟಾ ಪ್ರೇಮಪತ್ರವನ್ನು ನಂಬಿ ಅವಳ ಮನೆಯ ಮೇಲ್ವಿಚಾರಕ ಮಾಲ್ವೋಲಿಯೋ ಹಳದಿ ಕಾಲುಚೀಲ ತೊಟ್ಟು ಬಂದಾಗ ಮನಸಾರೆ ನಗಿರಿ. ಅವನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದಾಗ ನಿಮ್ಮ ನಗು ಯಾವ ಸಾಲಿನಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ವಿದೂಷಕ ಫೆಸ್ಟೆಯ ಚಮತ್ಕಾರದ ಮಾತು ತಿಳಿಯದಿದ್ದರೆ ಅಡಿಟಿಪ್ಪಣಿ ನೋಡಿ ಮುಂದೆ ಸಾಗಿ.