ಬಿಗಿನ್: ಕನ್ನಡದವರು ಎಡವುವ ಜಾಗಗಳು

ತಿಪಟೂರಿನಲ್ಲಿ ಸಂಜೆ ಹೊತ್ತು ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. 'ಬಿಗಿನ್' ಅಂದರೆ ಶುರು, ಇದು ಎಲ್ಲರಿಗೂ ಗೊತ್ತು. ಆದರೆ ಕೊಬ್ಬರಿ ಹರಾಜು ಹತ್ತಕ್ಕೆ ಶುರುವಾಯಿತು ಅಂತ ಹೇಳಿ ಅಂದರೆ, 'ದಿ ಆಕ್ಷನ್ ವಾಸ್ ಬಿಗನ್ ಅಟ್ ಟೆನ್' ಎನ್ನುತ್ತಾರೆ.

ಇದು ಕನ್ನಡದ ಪ್ರಭಾವ. ನಮ್ಮಲ್ಲಿ ಹರಾಜು 'ಶುರುವಾಗುತ್ತದೆ', ಅದನ್ನು ಯಾರೋ 'ಶುರು ಮಾಡುತ್ತಾರೆ'. ಆಗುವುದು ಬೇರೆ, ಮಾಡುವುದು ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಬಿಗಿನ್ ಸಾಕು. 'ದಿ ಆಕ್ಷನ್ ಬಿಗ್ಯಾನ್', 'ದೇ ಬಿಗ್ಯಾನ್ ದಿ ಆಕ್ಷನ್'. 'ಆಯಿತು' ಅನ್ನುವುದಕ್ಕೆ ಸುಮ್ನೆ ಒಂದು 'ವಾಸ್' ಸೇರಿಸಬೇಡಿ. ಯಾರು ಮಾಡಿದರು ಅನ್ನುವುದು ಮುಖ್ಯವಾದಾಗ ಮಾತ್ರ ಅದು ಬರಲಿ: 'ದ ವರ್ಕ್ ವಾಸ್ ಬಿಗನ್ ಬೈ ಮೈ ಗ್ರ್ಯಾಂಡ್‌ಫಾದರ್'.

ಬಿಗ್ಯಾನ್, ಬಿಗನ್ ಗೊಂದಲವೇ? ಸಿಂಗ್, ಸ್ಯಾಂಗ್, ಸಂಗ್ ಅಂತ ಜೋರಾಗಿ ಹೇಳಿ, ಅದೇ ಧಾಟಿ. ನಿನ್ನೆಯದಕ್ಕೆ ಬಿಗ್ಯಾನ್. ಹ್ಯಾವ್, ಹ್ಯಾಸ್, ಹ್ಯಾಡ್ ಜೊತೆ ಬಿಗನ್. 'ಐ ಬಿಗನ್' ಅನ್ನುವುದು ಬೇಡ.

ಇನ್ನೊಂದು ನಮ್ಮ 'ಇಂದ'. 'ಸೋಮವಾರದಿಂದ ಕ್ಲಾಸ್' ಅನ್ನುವ ಅಭ್ಯಾಸಕ್ಕೆ 'ಬಿಗಿನ್ ಫ್ರಮ್ ಮಂಡೇ' ಬಂದುಬಿಡುತ್ತದೆ. ಕಾಲೇಜು ನೋಟಿಸುಗಳಲ್ಲೂ ಇದೇ ಜಾಸ್ತಿ! ವಾರ, ತಾರೀಖಿಗೆ 'ಆನ್', ಗಂಟೆಗೆ 'ಅಟ್', ತಿಂಗಳಿಗೆ 'ಇನ್'. 'ಕ್ಲಾಸಸ್ ಬಿಗಿನ್ ಆನ್ ಮಂಡೇ'. ಮೊದಲ ಪಾಠದಿಂದ ಶುರು ಮಾಡೋಣ ಅನ್ನುವಾಗ 'ಬಿಗಿನ್ ವಿತ್'. ವೇದಿಕೆ ಹತ್ತಿದರೆ 'ಲೆಟ್ ಮಿ ಬಿಗಿನ್ ಬೈ ಥ್ಯಾಂಕಿಂಗ್ ಯು', ಅಲ್ಲಿ 'ಬೈ' ಆದಮೇಲೆ ಇಂಗ್ ಬೇಕೇ ಬೇಕು. 'ಟು ಬಿಗಿನ್ ವಿತ್' ಅಂತ ವಾಕ್ಯ ಎತ್ತಿಕೊಂಡರೆ 'ಮೊದಲನೆಯದಾಗಿ' ಅಂತ.

ಪಂಪ್‌ಸೆಟ್, ಬೈಕ್‌ಗೆ ಸ್ಟಾರ್ಟ್ ಮಾತ್ರ. ಅಂಗಡಿ ಹಾಕುವುದಕ್ಕೂ ಅದೇ ಸಹಜ. 'ಕಮೆನ್ಸ್' ಸರ್ಕಾರಿ ಪತ್ರಗಳಲ್ಲೇ ಇರಲಿ, ಗೆಳೆಯರ ಹತ್ತಿರ ಅಂದರೆ ನಗುತ್ತಾರೆ.

ಮಳೆ ಶುರುವಾಯಿತು ಅನ್ನಲು 'ಬಿಗ್ಯಾನ್ ಟು ರೈನ್', 'ಬಿಗ್ಯಾನ್ ರೈನಿಂಗ್' ಎರಡೂ ಸರಿ. ಈಗ ಹನಿ ಬೀಳುತ್ತಿದ್ದರೆ ಮಾತ್ರ 'ಇಟ್ ಈಸ್ ಬಿಗಿನಿಂಗ್ ಟು ರೈನ್', ಎರಡು ಇಂಗ್ ಒಟ್ಟಿಗೆ ಕೇಳಲು ಕಷ್ಟ ಅಲ್ವಾ? ಅರ್ಥವಾಗುವುದು, ಗೊತ್ತಾಗುವುದು ಇಂಥವಕ್ಕೂ 'ಟು'ವೇ: 'ಐ ಬಿಗ್ಯಾನ್ ಟು ಅಂಡರ್‌ಸ್ಟ್ಯಾಂಡ್'.

ಬರೆಯುವಾಗ 'ಬಿಗಿನಿಂಗ್' ನಡುವೆ ಎರಡು ಎನ್ ಹಾಕಿ. ಕೆಲಸದ ಅರ್ಜಿಯಲ್ಲಿ ಒಂದೇ ಎನ್ ಇದ್ದರೆ ಓದುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.