ಹಳೇ ಪಿಕಪ್‌ಗೆ ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಸುವವರಿಗೆ

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟು ಹೋಯ್ತು ಅಂತ ಮ್ಯಾನುಯಲ್‌ಗೆ ಬದಲಾಯಿಸುವವರು ಗೇರ್‌ಬಾಕ್ಸ್ ಒಂದನ್ನೇ ಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಶಿವಾಜಿನಗರದ ಗುಜರಿಯಲ್ಲಾಗಲಿ, ಅದೇ ಎಂಜಿನ್‌ನ ಮ್ಯಾನುಯಲ್ ಗಾಡಿಯ ಪೂರ್ತಿ ಸೆಟ್ ಕೇಳಿ. ಪೆಡಲ್‌ಗಳು, ಪೆಡಲ್ ಒತ್ತಡವನ್ನು ಕ್ಲಚ್‌ಗೆ ದಾಟಿಸುವ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, ಎಂಜಿನ್ ಹಿಂದೆ ಕ್ಲಚ್ ಕೂರುವ ಚಕ್ರ ಅಂದರೆ ಫ್ಲೈವೀಲ್, ಅದರದ್ದೇ ಬೋಲ್ಟ್‌ಗಳು, ಗೇರ್‌ಬಾಕ್ಸ್ ಕೂರುವ ಕ್ರಾಸ್ ಮೆಂಬರ್, ಗೇರ್‌ಬಾಕ್ಸ್‌ನಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಎಲ್ಲಾ ಸೇರಿ. ಬಿಡಿಬಿಡಿಯಾಗಿ ಹುಡುಕಿದರೆ ಅಲೆದಾಟವೂ ಜಾಸ್ತಿ, ಖರ್ಚೂ ಜಾಸ್ತಿ.

ಬಹಳ ಜನ ಮರೆಯುವುದು ಪೈಲಟ್ ಬೇರಿಂಗ್. ಎಂಜಿನ್‌ನಲ್ಲಿ ತಿರುಗುವ ಮುಖ್ಯ ದಂಡ ಕ್ರ್ಯಾಂಕ್ ಶಾಫ್ಟ್‌ನ ಹಿಂದಿನ ತುದಿಯ ತೂತಿನಲ್ಲಿ ಕೂರುವ ಪುಟ್ಟ ಬೇರಿಂಗ್ ಅದು. ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಮೂತಿಗೆ ಅದೇ ಆಸರೆ. ಆಟೋಮ್ಯಾಟಿಕ್ ಗಾಡಿಗೆ ಅದು ಬೇಕಿಲ್ಲ, ಹಾಗಾಗಿ ಕೆಲವು ಎಂಜಿನ್‌ಗಳಲ್ಲಿ ತೂತನ್ನೇ ಸರಿಯಾದ ಅಳತೆಗೆ ಕೊರೆದಿರುವುದಿಲ್ಲ. ಹಳೇ ಗೇರ್‌ಬಾಕ್ಸ್ ಇಳಿಸಿದ ತಕ್ಷಣ ಅಳೆದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ದಯವಿಟ್ಟು ಇದನ್ನು ಬಿಡಬೇಡಿ.

ಸ್ಟಾರ್ಟರ್ ವೈರಿಂಗ್ ಇನ್ನೊಂದು ವಿಷಯ. ಪಾರ್ಕ್, ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಮಾಡುವ ಸ್ವಿಚ್ ಹಳೇ ಗೇರ್‌ಬಾಕ್ಸ್ ಜೊತೆ ಹೋಗುತ್ತೆ. ಸುಮ್ನೆ ವೈರ್ ಜೋಡಿಸಿ ಬಿಟ್ಟರೆ ಗೇರ್‌ನಲ್ಲಿದ್ದಾಗಲೂ ಸ್ಟಾರ್ಟರ್ ತಿರುಗಿ ಗಾಡಿ ಮುಂದಕ್ಕೆ ಹಾರುತ್ತೆ. ಆ ವೈರನ್ನು, ಕ್ಲಚ್ ತುಳಿದಾಗ ಮಾತ್ರ ಸ್ಟಾರ್ಟ್ ಆಗಲು ಬಿಡುವ ಕ್ಲಚ್ ಪೆಡಲ್ ಸ್ವಿಚ್ ಮೂಲಕವೇ ಕೊಡಿಸಿ. ರಿವರ್ಸ್ ಲೈಟ್ ವೈರೂ ನೋಡಿಕೊಳ್ಳಿ.

ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಈ ಬದಲಾವಣೆಗೆ ಅಡ್ಡಿ ಇದೆಯಾ ಅಂತ ಒಮ್ಮೆ ಕೇಳಿ ಬನ್ನಿ.