ನಾಯಿಯೊಂದಿಗೆ ದೋಣಿವಾಸ: ಮೊದಲ ದೋಣಿಯನ್ನು ಆರಿಸಿಕೊಳ್ಳುವ ಬಗೆ

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚನ್ನೇ ನಂಬಿಕೊಂಡಿದ್ದ ಕಾಲದಲ್ಲಿ ನಮ್ಮ ತುಮರಿ ಕಡೆಯ ನಾಯಿಗಳಿಗೆ ದೋಣಿ ಹತ್ತುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಲಾಂಚು ದಡ ಮುಟ್ಟಿ ಮುಂದಿನ ಹಲಗೆಯನ್ನು ಇಳಿಸಿದೊಡನೆ ಬಸ್ಸು, ಜೀಪು, ಬೈಕುಗಳ ನಡುವೆ ಅವೂ ನಡೆದು ಬಂದು ಒಂದು ಮೂಲೆಯಲ್ಲಿ ಮಲಗಿಬಿಡುತ್ತಿದ್ದವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ದಾಟುವಿಕೆಯ ಅಗತ್ಯವೇ ತಪ್ಪಿತು. ಆದರೂ ನಾನು ಆ ಹಲಗೆಯನ್ನು ಮರೆತಿಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಕೆಂಚನೆಂಬ ನಾಯಿಯೊಂದಿಗೆ ನಾಲ್ಕು ವರ್ಷ ದೋಣಿಯಲ್ಲೇ ಸಂಸಾರ ಹೂಡಿದ್ದ ನನಗೆ, ದೋಣಿಯನ್ನು ಕೊಂಡ ಮೇಲೆ ಹೊಳೆದ ಮೊದಲ ಸತ್ಯವೆಂದರೆ ಅಲ್ಲಿಯ ದೋಣಿಗಳಿಗೆ ಅಂಥ ಹಲಗೆ ಇಲ್ಲ ಎಂಬುದು.

ಈಗ ಸಾಗರ ಪೇಟೆಯಲ್ಲಿರುವ ತಂಗಿಯ ಮಗಳು ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೊರಟಿದ್ದಾಳೆ. "ಮಾವ, ಬಾಡಿಗೆ ಮನೆ ಬ್ಯಾಡ, ದೋಣಿ ತಗಂಡು ಅದ್ರಲ್ಲೇ ಇರ್ತೀನಿ, ನಾಯಿನೂ ಕರ್ಕಂಡು ಹೋಗ್ತೀನಿ" ಎಂದು ಅವಳು ಹೇಳಿದಾಗ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ಹೇಳಿದ್ದನ್ನೇ, ಅವಳ ಹಾಗೆ ಯೋಚಿಸುತ್ತಿರುವ ಇತರರಿಗೂ ಉಪಯೋಗವಾಗಲೆಂದು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾಯಿಯನ್ನು ಇಲ್ಲಿಂದಲೇ ಒಯ್ಯುವುದಾದರೆ ದೋಣಿ ಹುಡುಕುವುದಕ್ಕಿಂತ ಮೊದಲು ಅದರ ಕಾಗದಪತ್ರಗಳನ್ನು ಆರಂಭಿಸಬೇಕು. ಭಾರತದಿಂದ ಬ್ರಿಟನ್ನಿಗೆ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್ ಹಾಕಿಸಿ ಆನಂತರ ರೇಬೀಸ್ ಲಸಿಕೆ ಕೊಡಿಸಬೇಕು. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಕೊನೆಗೆ, ಅಲ್ಲಿ ತಲುಪುವ 24 ಗಂಟೆಯಿಂದ 120 ಗಂಟೆ ಮೊದಲಿನ ಅವಧಿಯೊಳಗೆ ಲಾಡಿಹುಳುವಿನ ಔಷಧ ಕೊಡಿಸಿ ಪಶುವೈದ್ಯರಿಂದ ದಾಖಲಿಸಿಕೊಳ್ಳಬೇಕು. ಹೀಗಾಗಿ ನಾಲ್ಕೈದು ತಿಂಗಳು ಇದಕ್ಕೇ ಹಿಡಿಯುತ್ತದೆ. ಮುಧೋಳದಂಥ ತೆಳುಗೂದಲಿನ ನಾಯಿಯಾದರೆ ಅಲ್ಲಿಯ ಜನವರಿಯ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಅಲ್ಲಿಯ ಕಾಲುವೆಗಳಲ್ಲಿ ಜನ ಹೆಚ್ಚಾಗಿ ವಾಸಿಸುವುದು ನ್ಯಾರೋಬೋಟ್ ಎಂಬ ಉಕ್ಕಿನ ದೋಣಿಯಲ್ಲಿ. ಅದರ ಅಗಲ 7 ಅಡಿಯೊಳಗೆ, ಸಾಮಾನ್ಯವಾಗಿ 6 ಅಡಿ 10 ಅಂಗುಲ. ಏಕೆಂದರೆ ನೀರಿನ ಮಟ್ಟವನ್ನು ಏರಿಸಿ ಇಳಿಸುವ ಲಾಕ್‌ಗಳೆಂಬ ಕಲ್ಲಿನ ತೊಟ್ಟಿಗಳಲ್ಲಿ ಅನೇಕವು ಅಷ್ಟೇ ಅಗಲಕ್ಕೆ ಕಟ್ಟಲ್ಪಟ್ಟಿವೆ. ಉದ್ದ 70 ಅಡಿಯವರೆಗೂ ಇರುತ್ತದೆ, ಆದರೆ ಉತ್ತರ ಭಾಗದ ಕೆಲವು ಲಾಕ್‌ಗಳು ಗಿಡ್ಡವಾದ್ದರಿಂದ ಎಲ್ಲ ಕಡೆ ತಿರುಗಾಡಬೇಕೆನ್ನುವವರು 57 ಅಡಿಯನ್ನು ಮೀರುವುದಿಲ್ಲ. ಒಬ್ಬರೇ ನಡೆಸುವ ಹೊಸಬರಿಗೆ, ಜೊತೆಗೊಂದು ನಾಯಿಯೂ ಇದ್ದರೆ, 45ರಿಂದ 50 ಅಡಿ ಸಾಕೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಗಿಡ್ಡದಾದರೆ ಒದ್ದೆ ನಾಯಿಗೂ ನಿಮಗೂ ನಡುವೆ ಅಂತರವೇ ಉಳಿಯುವುದಿಲ್ಲ.

ದೋಣಿ ನೋಡಲು ಹೋಗುವಾಗ ನಾಯಿಯನ್ನು ಜೊತೆಗೇ ಕರೆದುಕೊಂಡು ಹೋಗಿರಿ. ಅದು ಊರಿನಲ್ಲೇ ಇದ್ದರೆ ಭುಜದ ಎತ್ತರ, ಮೈಯ ಉದ್ದ ಮತ್ತು ತೂಕವನ್ನು ಬರೆದುಕೊಂಡು ಅಳತೆಯ ಟೇಪಿನೊಂದಿಗೆ ಹೋಗಿರಿ. ನ್ಯಾರೋಬೋಟ್‌ನ ಬಾಗಿಲುಗಳು ಕಿರಿದು, ಒಳಗಿಳಿಯುವ ಮೆಟ್ಟಿಲುಗಳು ಕಡಿದು. ಮೂರು ಮೆಟ್ಟಿಲುಗಳಲ್ಲಿ ಎರಡಡಿಗಿಂತ ಹೆಚ್ಚು ಕೆಳಗಿಳಿಯಬೇಕಾದ ದೋಣಿಗಳನ್ನು ನಾನು ಕಂಡಿದ್ದೇನೆ. ಕೆಲವದರಲ್ಲಿ ಹಿಂಬದಿಗೆ ಮೆಟ್ಟಿಲೇ ಇಲ್ಲ, ಏಣಿಯಿದೆ. ಎಳೆಯ ನಾಯಿ ಇದನ್ನು ಆಟವೆಂದು ಹಾರುತ್ತದೆ. ಆದರೆ ಅದಕ್ಕೂ ವಯಸ್ಸಾಗುತ್ತದೆ, ಮಂಡಿ ನೋಯುತ್ತದೆ, ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಎತ್ತಿಕೊಂಡೇ ಓಡಾಡಿಸಬೇಕಾದ ದಿನವೂ ಬರಬಹುದು. ಆ ದಿನ ನೀವು 22 ಕಿಲೋ ತೂಕದ ಪ್ರಾಣಿಯನ್ನು ಎದೆಗವಚಿಕೊಂಡು, ತಲೆ ಬಗ್ಗಿಸಿ, ಕಾಲಿನಿಂದ ಮೆಟ್ಟಿಲನ್ನು ತಡಕುತ್ತ, ಆ ಬಾಗಿಲಲ್ಲಿ ನುಗ್ಗಬಲ್ಲಿರಾ ಎಂದು ನೋಡುವ ದಿನವೇ ಪರೀಕ್ಷಿಸಿಕೊಳ್ಳಿ. ಅಕ್ಕಿಯ ಚೀಲವನ್ನು ಹೊತ್ತ ಹಾಗೆ ಹೆಗಲಿಗೇರಿಸಲು ಬರುವುದಿಲ್ಲ, ಬಾಗಿಲಿನ ಎತ್ತರ ಅದಕ್ಕೆ ಬಿಡುವುದಿಲ್ಲ. ನನ್ನ ಮಟ್ಟಿಗೆ, ಬೇರೆಲ್ಲ ಒಪ್ಪಿಗೆಯಾದರೂ ಈ ಒಂದು ಪರೀಕ್ಷೆಯಲ್ಲಿ ಸೋತ ದೋಣಿಯನ್ನು ಬಿಟ್ಟುಬಿಡಬೇಕು.

ಹಿಂಬದಿಯ ರಚನೆಯಲ್ಲಿ ಮೂರು ಬಗೆಗಳಿವೆ, ನಾಯಿಯಿರುವವರಿಗೆ ಈ ಭೇದ ತುಂಬ ಮುಖ್ಯ. ಟ್ರ್ಯಾಡ್ ಎಂಬ ಹಳೆಯ ಬಗೆಯಲ್ಲಿ ನಿಲ್ಲಲು ಒಬ್ಬರಿಗಷ್ಟೇ ಜಾಗ. ನಾಯಿ ಒಳಗೆ ಎಂಜಿನ್ನಿನ ಪಕ್ಕದಲ್ಲೇ ಕೂರಬೇಕಾಗುತ್ತದೆ. ಕ್ರೂಸರ್ ಬಗೆಯಲ್ಲಿ ವಿಶಾಲವಾದ ಬಯಲು ಕಟ್ಟೆಯಿರುತ್ತದೆ. ಬೇಸಿಗೆಯಲ್ಲಿ ನಾಲ್ಕು ಜನ ಕುಳಿತು ಚಹಾ ಕುಡಿಯಲು ಅದು ಚೆಂದ, ಆದರೆ ಸುತ್ತ ಒಂದು ಕಂಬಿಯಷ್ಟೇ ಇರುವುದರಿಂದ ಅದರ ಕೆಳಗೆ ನಾಯಿ ಸಲೀಸಾಗಿ ಜಾರುತ್ತದೆ. ಕೆಂಚ ಎರಡನೆಯ ದಿನವೇ ಹೀಗೆ ಬಿದ್ದ. ಬಾತುಕೋಳಿಯೊಂದು ಕಣ್ಣಿಗೆ ಬಿದ್ದದ್ದೇ ತಡ, ಕಂಬಿಯ ಕೆಳಗೆ ತಲೆ ಹಾಕಿದವನು ಮೈಯನ್ನು ಹಿಂದಕ್ಕೆಳೆದುಕೊಳ್ಳಲಾಗದೆ ನೀರಿಗುರುಳಿದ. ನಾನು ಮಾಡಿದ ಸರಿಯಾದ ಕೆಲಸ ಒಂದೇ, ತಕ್ಷಣ ಗೇರನ್ನು ನ್ಯೂಟ್ರಲ್‌ಗೆ ತಂದದ್ದು. ಹಿಂಬದಿಯಲ್ಲಿ ಬಿದ್ದ ಪ್ರಾಣಿಗೆ ನೀರಿಗಿಂತ ತಿರುಗುವ ಪ್ರೊಪೆಲರ್ ಹೆಚ್ಚು ಅಪಾಯಕಾರಿ. ಮೂರನೆಯದಾದ ಸೆಮಿ-ಟ್ರ್ಯಾಡ್‌ನಲ್ಲಿ ಕಟ್ಟೆಯ ಎರಡೂ ಬದಿಗೆ ಗೋಡೆಯಿದ್ದು ಮೇಲೆ ಮಾತ್ರ ತೆರೆದಿರುತ್ತದೆ. ನಾಯಿ ನಿಮ್ಮ ಕಾಲ ಬಳಿಯಲ್ಲೇ ಇರುತ್ತದೆ, ಗಾಳಿಯೂ ಸಿಗುತ್ತದೆ. ಇನ್ನೊಮ್ಮೆ ಕೊಳ್ಳುವುದಾದರೆ ನಾನು ಕೊಳ್ಳುವುದು ಇದನ್ನೇ.

ಮುಂಬದಿಯನ್ನೂ ಮರೆಯಬಾರದು. ಅಲ್ಲಿ ಸಾಮಾನ್ಯವಾಗಿ ತಗ್ಗಾದ ಒಂದು ತೊಟ್ಟಿಯಂಥ ಕಟ್ಟೆಯಿದ್ದು, ಕೆಲವರು ಅದರ ಮೇಲೆ ಚೌಕಟ್ಟು ನಿಲ್ಲಿಸಿ ದಪ್ಪ ಟಾರ್ಪಾಲಿನ ಹೊದಿಕೆ ಹಾಕಿಸಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಮನೆಗಳಿಗೆ ಜಗಲಿ ಏನೋ, ದೋಣಿಗೆ ಇದೂ ಅದೇ: ಕೆಸರಿನ ಬೂಟು, ಒದ್ದೆ ಕೊಡೆ, ಸೌದೆ ಹಾಗೂ ನಾಯಿ, ಎಲ್ಲವೂ ಒಳಗೆ ಬರುವ ಮೊದಲು ಅಲ್ಲಿ ತಂಗುತ್ತವೆ. ಈ ಹೊದಿಕೆಯಿರುವ ದೋಣಿಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ತಪ್ಪಿಲ್ಲ.

ಇನ್ನು ತಳದ ಮಾತು. ಅಡಿಕೆ ತೋಟ ಕೊಳ್ಳುವವನು ಮೊದಲು ಅಡಿಕೆಗೊನೆಯನ್ನು ನೋಡದೆ ಬಸಿಗಾಲುವೆಯನ್ನು ನೋಡುತ್ತಾನೆ, ನೀರು ನಿಲ್ಲುವ ತೋಟದಲ್ಲಿ ಈ ವರ್ಷದ ಫಸಲು ಎಷ್ಟಿದ್ದರೂ ಪ್ರಯೋಜನವಿಲ್ಲ. ದೋಣಿಯಲ್ಲಿ ಹೊಸಬರು ಇದಕ್ಕೆ ವಿರುದ್ಧವಾಗಿ ಅಡುಗೆಮನೆಯ ಗೋಡೆಯ ಟೈಲ್ಸಿಗೆ, ಮರದ ಒಳಗೋಡೆಯ ಹೊಳಪಿಗೆ ಮನಸೋಲುತ್ತಾರೆ. ನಾನೂ ಹಾಗೆಯೇ ಒಂದಕ್ಕೆ ಮುಂಗಡ ಕೊಟ್ಟಿದ್ದೆ. ನೀರಿನಿಂದ ಮೇಲೆತ್ತಿಸಿ, ದೋಣಿಗಳನ್ನು ತಪಾಸಣೆ ಮಾಡುವ ಸರ್ವೇಯರ್ ಸುತ್ತಿಗೆಯಿಂದ ಬಡಿದು, ಅಲ್ಟ್ರಾಸೌಂಡ್ ಮಾಪಕವಿಟ್ಟು ನೋಡಿದಾಗ ನೀರಿನ ಗೆರೆಯ ಬಳಿ ಉಕ್ಕು ಹಲವೆಡೆ 4 ಮಿಲಿಮೀಟರಿಗಿಂತ ತೆಳ್ಳಗಾಗಿತ್ತು. ಇತ್ತೀಚಿನ ದೋಣಿಗಳ ಸಾಮಾನ್ಯ ಅಳತೆ ತಳಕ್ಕೆ 10, ಬದಿಗಳಿಗೆ 6, ಮೇಲಿನ ಭಾಗಕ್ಕೆ 4 ಮಿಲಿಮೀಟರ್. ನೀರಿನೊಳಗಿನ ಉಕ್ಕು 4ಕ್ಕಿಂತ ಕಡಿಮೆಯಾದರೆ ವಿಮೆ ಸಿಗುವುದು ಕಷ್ಟ. ಸರ್ವೇಯ ಖರ್ಚು ದಂಡವಾಯಿತೆಂದು ಆ ದಿನ ಅನ್ನಿಸಿದರೂ ಅದರಿಂದ ಉಳಿದ ದುಡ್ಡು ಬಹಳ ದೊಡ್ಡದು. ಆದ್ದರಿಂದ "ಸರ್ವೇಯ ವರದಿಗೆ ಒಳಪಟ್ಟು" ಎಂಬ ಮಾತು ಒಪ್ಪಂದದಲ್ಲಿ ಇಲ್ಲದೆ ಮುಂಗಡ ಕೊಡಬೇಡಿ. ಸರ್ವೇಯರನ್ನು ನೀವೇ ಹುಡುಕಿಕೊಳ್ಳಿ, ಮಾರುವವರು ಸೂಚಿಸಿದವರು ಬೇಡ. ಸವೆದ ಕಡೆ ಮೇಲೆ ಹೊಸ ತಗಡು ಬೆಸೆದಿದ್ದರೆ ತೂಕ ಹೆಚ್ಚಿ ದೋಣಿ ತಗ್ಗಿ ಕೂರುತ್ತದೆ, ಬದಿಯಲ್ಲಿರುವ ಗಾಳಿಕಿಂಡಿ ಮತ್ತು ಬಚ್ಚಲಿನ ತೂತುಗಳು ನೀರಿಗೆ ಹತ್ತಿರವಾಗುತ್ತವೆ. ಅದನ್ನೂ ಕೇಳಿ ತಿಳಿದುಕೊಳ್ಳಿ. ತಳಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಡಾಂಬರಿನಂಥ ಕಪ್ಪು ಬಳಿಸಬೇಕು, ಹಿಂದೆ ಬಳಿಸಿದ್ದು ಯಾವಾಗ ಎಂಬುದಕ್ಕೆ ರಸೀದಿ ಕೇಳಬೇಕು.

ಸರ್ವೇಯರ್ ಬರುವ ಮೊದಲು ನೀವೇ ಮಾಡಬಹುದಾದ ಎರಡು ಕೆಲಸಗಳಿವೆ. ಒಳಮನೆಯ ಹಿಂಭಾಗದಲ್ಲಿ, ಮೆಟ್ಟಿಲಿನ ಹತ್ತಿರ, ನೆಲದಲ್ಲೊಂದು ಪುಟ್ಟ ಮುಚ್ಚಳ ಹೆಚ್ಚಿನ ದೋಣಿಗಳಲ್ಲಿರುತ್ತದೆ. ಅದನ್ನೆತ್ತಿ ಕೈಯಿಳಿಸಿ ತಳವನ್ನು ಮುಟ್ಟಿ ನೋಡಿ. ಬೆರಳಿಗೆ ಧೂಳು ಹತ್ತಿದರೆ ಸಂತೋಷ, ನೀರು ಹತ್ತಿದರೆ ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಬೆಲೆಯ ಮಾತೆತ್ತಬೇಡಿ. ಎರಡನೆಯದು, ಎಂಜಿನ್ ಚಾಲೂ ಮಾಡಿಸುವ ಮೊದಲು ಅದರ ಮೇಲೆ ಅಂಗೈಯಿಡುವುದು. ನೀವು ಬರುವ ಮೊದಲೇ ಬೆಚ್ಚಗಾಗಿದ್ದರೆ ತಣ್ಣಗಿರುವಾಗ ಅದು ಹೊತ್ತಿಕೊಳ್ಳಲು ತಕರಾರು ಮಾಡುತ್ತದೆ ಎಂದು ಸಂಶಯಪಡಲು ಕಾರಣವಿದೆ. ಇನ್ನೊಂದು ದಿನ ಬರುತ್ತೇನೆಂದು ವಿನಯದಿಂದ ಹೇಳಿ ಹೊರಟುಬಿಡಿ.

ಒಳಗಿನ ಬದುಕಿಗೆ ದೊಡ್ಡ ಶತ್ರು ತೇವ. ಆಷಾಢದಲ್ಲಿ ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಮುಂದೆ ಹರವಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕಿನ ಗೋಡೆ ಚಳಿಗೆ ಬೆವರುತ್ತದೆ. ಉಸಿರು, ಅಡುಗೆಯ ಹಬೆ, ಒದ್ದೆ ನಾಯಿಯ ಮೈ, ಎಲ್ಲವೂ ಕಿಟಕಿಯ ಮೇಲೆ ನೀರಾಗಿ ಇಳಿಯುತ್ತದೆ. ಗೋಡೆಯೊಳಗೆ ಸಿಂಪಡಿಸಿದ ಫೋಮ್ ಇದ್ದರೆ ಅದು ಉಕ್ಕಿಗೆ ಅಂಟಿಕೊಂಡು ತೇವಕ್ಕೆ ಎಡೆಗೊಡುವುದಿಲ್ಲ, ಥರ್ಮಕೋಲಿನ ಹಾಳೆಗಳಾದರೆ ಸಂದುಗಳು ಉಳಿಯುತ್ತವೆ. ಸೌದೆ ಅಥವಾ ಕಲ್ಲಿದ್ದಲಿನ ಒಲೆ ಇರಲೇಬೇಕೆಂಬುದು ನನ್ನ ಹಟ, ಏಕೆಂದರೆ ನಾಯಿಯನ್ನು ಒಣಗಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಒಲೆಯಿದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಪಾಯವೂ ಇರುವುದರಿಂದ ಅದರ ಅಲಾರಂ ಕಡ್ಡಾಯ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ದೋಣಿಯ ತಳದಲ್ಲಿ, ಅಂದರೆ ನಾಯಿ ಮಲಗುವ ಮಟ್ಟದಲ್ಲೇ, ಶೇಖರವಾಗುತ್ತದೆ. ಸಿಲಿಂಡರಿನ ಪೆಟ್ಟಿಗೆಗೆ ನೀರಿನ ಕಡೆಗೆ ತೆರೆದ ತೂತುಗಳಿವೆಯೇ, ಅವು ಮುಚ್ಚಿಲ್ಲವೇ ಎಂದು ಬಗ್ಗಿ ನೋಡಿ. 4 ವರ್ಷಕ್ಕೊಮ್ಮೆ ಪಡೆಯುವ ಬೋಟ್ ಸೇಫ್ಟಿ ಪ್ರಮಾಣಪತ್ರ ಇವನ್ನೆಲ್ಲ ಒಳಗೊಳ್ಳುತ್ತದೆ, ಆದರೆ ಅದು ತಳದ ಉಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ.

ಹಾಸಿಗೆಯ ವಿಷಯದಲ್ಲಿ ಒಂದು ಮಾತು ಸಾಕು: ಅಡ್ಡಲಾಗಿ ಹರಡುವ ಮಂಚ ರಾತ್ರಿ ಓಡಾಟದ ದಾರಿಯನ್ನೇ ಮುಚ್ಚುತ್ತದೆ, ನಡುರಾತ್ರಿ ಹೊರಗೆ ಹೋಗಬೇಕೆನ್ನುವ ನಾಯಿ ನಿಮ್ಮನ್ನು ತುಳಿದುಕೊಂಡೇ ಹೋಗುತ್ತದೆ. ಶೌಚಾಲಯದಲ್ಲಿ ನೀವೇ ಹೊತ್ತು ಖಾಲಿ ಮಾಡುವ ಕ್ಯಾಸೆಟ್ ಎಂಬ ಪೆಟ್ಟಿಗೆ, ಪಂಪಿನಿಂದ ಹೀರಿಸುವ ದೊಡ್ಡ ಟ್ಯಾಂಕ್, ಗೊಬ್ಬರವಾಗಿಸುವ ಬಗೆ ಎಂದು ಮೂರಿವೆ. ಹೊಸಬರಿಗೆ ಕ್ಯಾಸೆಟ್ ಸುಲಭ. ಸೌರಫಲಕಗಳು ಬೇಸಿಗೆಯಲ್ಲಿ ಧಾರಾಳ, ಡಿಸೆಂಬರಿನಲ್ಲಿ ಹೆಸರಿಗೆ ಮಾತ್ರ.

ದೋಣಿಯನ್ನು ಎಲ್ಲಿ ಕಟ್ಟುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಸ್ವಂತ ತಂಗುದಾಣವಿಲ್ಲದವರು, 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯ ಪ್ರಕಾರ, ಒಂದೆಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಸಂಚರಿಸುತ್ತಲೇ ಇರಬೇಕು. ಕೇಳಲು ರಮ್ಯವಾದ ಈ ಬದುಕು, ದಿನವೂ ಕಚೇರಿಗೆ ಹೋಗುವವರಿಗೆ ಮತ್ತು ಪ್ರತಿ ಸಲವೂ ಅದೇ ಪಶುವೈದ್ಯರ ಬಳಿ ತೋರಿಸಬೇಕಾದ ನಾಯಿಗೆ ಅಷ್ಟು ಹಿತವಲ್ಲ. ಮೊದಲ ಚಳಿಗಾಲಕ್ಕಾದರೂ ವಾಸಕ್ಕೆ ಅನುಮತಿಯಿರುವ ತಂಗುದಾಣವೊಂದನ್ನು ಗೊತ್ತುಮಾಡಿಕೊಳ್ಳಿ, ಅಲ್ಲಿ ನಾಯಿಗೆ ಒಪ್ಪಿಗೆಯಿದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಇಷ್ಟಾದ ಮೇಲೂ, ಕೊಳ್ಳುವ ಮೊದಲು ಒಂದು ವಾರ ಬಾಡಿಗೆಯ ದೋಣಿಯಲ್ಲಿ ನಾಯಿಯೊಂದಿಗೆ ಇದ್ದು ನೋಡಿ. ನಮ್ಮಲ್ಲಿ ಮನೆಯನ್ನು ಬೇಸಿಗೆಯಲ್ಲಿ ನೋಡಿ ಕೊಂಡವರು ಮಳೆ ಹಿಡಿದ ಮೇಲೆ ಸೋರುವ ಹಂಚಿನ ಕೆಳಗೆ ಪಾತ್ರೆಯಿಡುತ್ತಾರೆ. ಹಾಗಾಗದಿರಲು ಆ ಒಂದು ವಾರವನ್ನು ಜುಲೈನಲ್ಲಿಟ್ಟುಕೊಳ್ಳದೆ ಮಾರ್ಚ್ ಅಥವಾ ಅಕ್ಟೋಬರಿನಲ್ಲಿಟ್ಟುಕೊಳ್ಳಿ. ಲಾಕ್‌ಗಳಲ್ಲಿ ನಾಯಿ ಹೇಗೆ ವರ್ತಿಸುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಲಾಕ್‌ನಲ್ಲಿ ನೀರು ಇಳಿಯುವಾಗ ದೋಣಿ ಹಲವು ಅಡಿ ಕೆಳಗಿಳಿಯುವುದರಿಂದ, ದೋಣಿಯಲ್ಲಿರುವ ನಾಯಿಯ ಹಗ್ಗವನ್ನು ದಡದ ಗೂಟಕ್ಕೋ, ದಡದಲ್ಲಿರುವ ನಾಯಿಯದನ್ನು ದೋಣಿಯ ಚಾವಣಿಯ ಕೊಂಡಿಗೋ ಕಟ್ಟಿದ್ದರೆ ಕೊರಳಿಗೆ ಕುಣಿಕೆಯಾಗುತ್ತದೆ. ಒಬ್ಬರೇ ಇದ್ದಾಗ ಒಳಗೆ ಬಿಟ್ಟು ಬಾಗಿಲು ಹಾಕುವುದೊಂದೇ ದಾರಿ. ನೀರಿನಲ್ಲಿ ಇಲಿಗಳಿಂದ ಹರಡುವ ಲೆಪ್ಟೋಸ್ಪೈರೋಸಿಸ್‌ಗೆ, ಅಂದರೆ ನಮ್ಮ ಗದ್ದೆಗಳ ಇಲಿಜ್ವರಕ್ಕೆ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ಬೇಸಿಗೆಯಲ್ಲಿ ನೀರಿನ ಮೇಲೆ ನೀಲಿಹಸಿರು ಪಾಚಿ ಕಂಡರೆ ನಾಯಿಯನ್ನು ಅದರ ಹತ್ತಿರಕ್ಕೂ ಬಿಡಬಾರದು.

ಬೆನ್ನ ಮೇಲೆ ಗಟ್ಟಿಯಾದ ಹಿಡಿಕೆಯಿರುವ ಲೈಫ್ ಜಾಕೆಟ್ಟನ್ನು ದೋಣಿಗಿಂತ ಮೊದಲೇ ಕೊಂಡು ನಾಯಿಗೆ ಅಭ್ಯಾಸ ಮಾಡಿಸಿ. ಕಾಲುವೆಯ ದಡ ಹಲವೆಡೆ ನೆಟ್ಟಗೆ ನಿಂತ ತಗಡಿನ ಗೋಡೆಯಾಗಿದ್ದು, ಎಂಥ ಈಜುಗಾರ ನಾಯಿಗೂ ಅದನ್ನು ಹತ್ತಲು ಬರುವುದಿಲ್ಲ. ಅಂದು ಕೆಂಚನಿಗೆ ಕೊರಳಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಪಟ್ಟಿಯಿಂದೆಳೆದರೆ ಉಸಿರು ಕಟ್ಟುತ್ತದೆಂದು ನಾನು ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈಗಳನ್ನು ಮುಂಗಾಲಿನ ಕಂಕುಳಿಗೆ ಹಾಕಿ ಎತ್ತಿದೆ. ಮೇಲೆ ಬಂದವನು ಮೊದಲು ನನ್ನ ಮೇಲೇ ಮೈಕೊಡವಿ, ಆಮೇಲೆ ಆ ಬಾತುಕೋಳಿ ಎಲ್ಲಿ ಹೋಯಿತೆಂದು ಹುಡುಕತೊಡಗಿದ.